ಪಹಣಿ ಹಿಡ್ಕೊಂಡು ಕೋರ್ಟಿಗೆ ಹೋಗಿದ್ದು ಯಾಕೆ ಅಂದ್ರೆ

ಈ ವಾರ ಒಟ್ಲು ಬಿಡೋದರ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಇದು ಅರ್ಜೆಂಟ್ ಇದೆ.

ಕಳೆದ ಸೋಮವಾರ ನನ್ನ ಎರಡು ಎಕರೆ ಹತ್ತು ಗುಂಟೆ ಪಹಣಿ ಕೊಟ್ಟು ನಮ್ಮೂರ ಹೆಣ್ಣುಮಗಳೊಬ್ಬಳಿಗೆ ಕೋರ್ಟಲ್ಲಿ ಜಾಮೀನು ನಿಂತೆ. ಗಾರ್ಮೆಂಟ್ಸ್‌ನಲ್ಲಿ ಟೈಲರ್, ಸಂಘದ ಮೆಂಬರ್. ನನಗೆ ದೊಡ್ಡಪ್ಪ ಅಂತಾಳೆ. ಹಾಲಿನ ಡೈರಿ ಹತ್ರ ನಾಲ್ಕು ಜನ ಕೇಳಿದ್ರು, "ನಿನಗ್ಯಾಕಪ್ಪ ಫ್ಯಾಕ್ಟ್ರಿ ಉಸಾಬರಿ?" ಅಂತ. ಅವರಿಗೂ ನಿಮಗೂ ಒಟ್ಟಿಗೇ ಉತ್ತರ ಹೇಳ್ತೀನಿ.

ನಡೆದಿದ್ದು ಇಷ್ಟು. ಎರಡು ತಿಂಗಳ ಸಂಬಳ ಬಾಕಿ. ಕೇಳಿದ್ರೆ ಇವತ್ತು ನಾಳೆ ಅಂತಿದ್ರು. ಹೆಣ್ಣುಮಕ್ಕಳು ಗೇಟ್ ಮುಂದೆ ಕೂತರು. ಕೂತಿದ್ದು ನಾನೂರು ಜನ, ಕೇಸಿನಲ್ಲಿ ಹೆಸರು ಇರೋದು ಆರು ಜನದ್ದು. ಆ ಆರೂ ಜನ ಸಂಘದವರೇ. ಅಕ್ರಮ ಕೂಟ, ದಾರಿಗೆ ಅಡ್ಡ, ಬೆದರಿಕೆ ಅಂತ ಹಾಕಿದ್ದಾರೆ. ಬೆಳೆಯಲ್ಲಿ ಕಳೆ ಆರಿಸಿದ ಹಾಗೆ, ಬಾಯಿ ಇರೋರನ್ನೇ ಆರಿಸಿದ್ದಾರೆ.

ನಮ್ಮ ಕಡೆ ಬೇಸಾಯ ನಿಂತಿರೋದು ಬರೀ ನಾಲೆ ನೀರಿನ ಮೇಲೆ ಅನ್ಕೋಬೇಡಿ. ಬೆಳಿಗ್ಗೆ ಆರೂವರೆಗೆ ಊರ ಬಾಗಿಲಿಗೆ ಬರುತ್ತಲ್ಲ ಗಾರ್ಮೆಂಟ್ಸ್ ಬಸ್ಸು, ಅದರ ಮೇಲೂ ನಿಂತಿದೆ. ಗೊಬ್ಬರದ ಅಂಗಡಿ ಬಾಕಿ, ಸೊಸೈಟಿ ಸಾಲದ ಕಂತು, ಮಕ್ಕಳ ಫೀಸು ಎಲ್ಲ ಆ ಸಂಬಳದಿಂದ. ಕಬ್ಬಿನ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಅವರ ಸಂಬಳ ನಿಂತ್ರೆ ನಮ್ಮ ಗದ್ದೆ ನಾಟಿ ನಿಲ್ಲುತ್ತೆ.

2016ರ ಏಪ್ರಿಲ್ ನೆನಪು ಮಾಡ್ಕೊಳ್ಳಿ. ಅದೇ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಾಯಿಸಿತ್ತು. ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲು 58 ವರ್ಷ ಆಗೋವರೆಗೂ ಸಿಗಲ್ಲ ಅಂತ. ಮೂವತ್ತೈದಕ್ಕೇ ಬೆನ್ನು ಹೋಗಿ ಕೆಲಸ ಬಿಡೋ ಹೆಂಗಸರು 58ರ ತನಕ ಹೇಗೆ ಕಾಯ್ತಾರೆ? ಏಪ್ರಿಲ್ 18, 19ರಂದು ಬೆಂಗಳೂರಲ್ಲಿ ಸಾವಿರಾರು ಜನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಲಾಠಿ ಬಿತ್ತು, ಅಶ್ರುವಾಯು ಬಂತು. ಬಸ್ಸುಗಳಿಗೆ ಬೆಂಕಿಯೂ ಬಿತ್ತು, ಅದನ್ನ ಸರಿ ಅನ್ನಲ್ಲ. ಆದರೆ 19ನೇ ತಾರೀಕೇ ಸರ್ಕಾರ ಆದೇಶ ವಾಪಸ್ ತಗೊಂತು. ಅದರ ಲಾಭ ಇಡೀ ದೇಶದ ಕಾರ್ಮಿಕರಿಗೆ ಆಯ್ತು. ಕೇಸು ಮಾತ್ರ ಕೈಗೆ ಸಿಕ್ಕವರ ಮೇಲೆ.

"ತಪ್ಪು ಮಾಡಿಲ್ಲ ಅಂದ್ರೆ ಕೋರ್ಟು ಬಿಡುತ್ತೆ ಬಿಡಣ್ಣ" ಅಂತ ಒಬ್ಬ ಹೇಳಿದ. ಬಿಡುತ್ತೆ, ಯಾವಾಗ? ಹರಿಯಾಣದ ಮಾನೇಸರ್ ಮಾರುತಿ ಕಾರ್ಖಾನೆ ವಿಷಯ ನೋಡಿ. 2012ರ ಜುಲೈ 18ರಂದು ಅಲ್ಲಿ ಗಲಾಟೆ ಆಗಿ, ಬೆಂಕಿ ಬಿದ್ದು ಒಬ್ಬ ಮ್ಯಾನೇಜರ್ ಸತ್ತರು. ಅವರಿಗೂ ಹೆಂಡತಿ ಮಕ್ಕಳು ಇದ್ದರು, ಆ ಸಾವಿಗೆ ನ್ಯಾಯ ಸಿಗಲೇಬೇಕು. ಆದರೆ 148 ಕಾರ್ಮಿಕರನ್ನ ಜೈಲಿಗೆ ಹಾಕಿದರು. ಹೆಚ್ಚಿನವರಿಗೆ ಎರಡು ವರ್ಷಕ್ಕೂ ಮೇಲೆ ಜಾಮೀನೇ ಸಿಗಲಿಲ್ಲ. 2017ರ ಮಾರ್ಚ್‌ನಲ್ಲಿ ಗುರುಗ್ರಾಮದ ಕೋರ್ಟು 117 ಜನ ನಿರ್ದೋಷಿ ಅಂತ ಬಿಟ್ಟಿತು. 31 ಜನರ ಮೇಲೆ ಅಪರಾಧ ಸಾಬೀತು ಅಂತು. ಅದರಲ್ಲಿ 13 ಜನಕ್ಕೆ ಜೀವಾವಧಿ, ಆ ಹದಿಮೂರರಲ್ಲಿ 12 ಜನ ಸಂಘದ ಪದಾಧಿಕಾರಿಗಳು. ಬಿಡುಗಡೆ ಆದ 117 ಜನರ ಕಳೆದುಹೋದ ವರ್ಷಗಳನ್ನ ಯಾರು ವಾಪಸ್ ಕೊಟ್ರು? ಕಾವೇರಿ ಗಲಾಟೆ ಕೇಸಿಗೆ ಅಲೆದವರು ನಮ್ಮಲ್ಲೇ ಇದ್ದಾರೆ. ಉಳುಮೆ ಬಿಟ್ಟು ವಾಯ್ದೆಗೆ ಹೋಗೋದು ಅಂದ್ರೆ ಏನು ಅಂತ ಅವರನ್ನ ಕೇಳಿ.

ಸಂಘ ಕಟ್ಟೋದು ಕಳ್ಳತನ ಅಲ್ಲ. ಮದ್ರಾಸಿನ ಬಕಿಂಗ್‌ಹ್ಯಾಮ್ ಕರ್ನಾಟಿಕ್ ಮಿಲ್ಲಿನ ಕಾರ್ಮಿಕರು 1918ರಲ್ಲೇ ಸಂಘ ಕಟ್ಟಿದ್ರು. ಮುಂದಾಳು ಬಿ.ಪಿ. ವಾಡಿಯಾ ಮೇಲೆ ಮಿಲ್ಲಿನವರು ಹೈಕೋರ್ಟಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಆ ಏಟಿನಿಂದ ಎದ್ದ ಕೂಗೇ 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ ದಾರಿ ಆಯ್ತು. ಸಂಘದ ಕೆಲಸಕ್ಕೆ ಒಟ್ಟಾಗೋದನ್ನೇ ಒಳಸಂಚು ಅಂತ ಶಿಕ್ಷಿಸಬಾರದು ಅಂತ ಆ ಕಾಯ್ದೆ ಹೇಳಿತು, ಅಪರಾಧ ಮಾಡೋಕೆ ಅಂತ ಸೇರಿದ್ರೆ ಬೇರೆ ಮಾತು. 2020ರಲ್ಲಿ ಪಾರ್ಲಿಮೆಂಟು ಪಾಸು ಮಾಡಿದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ, ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಮುಷ್ಕರ ಅಂತ ಲೆಕ್ಕ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಸಂಬಳ ಕೊಡದೇ ಇರೋಕೆ ಮಾತ್ರ ಯಾರೂ ನಮಗೆ ನೋಟಿಸ್ ಕೊಡಲ್ಲ, ಅಲ್ವಾ?

ಈಗ ಕೆಲಸದ ಮಾತು. ಈ ಹೆಣ್ಣುಮಕ್ಕಳ ಹೆಸರಲ್ಲಿ ಜಮೀನಿಲ್ಲ, ಮನೆ ಖಾತೆ ಇಲ್ಲ. ಜಾಮೀನು ಆದೇಶ ಆದರೂ ಶ್ಯೂರಿಟಿ ಕೊಡೋರು ಬೇಕು. ನಮ್ಮ ಹತ್ರ ಇರೋದು, ಅವರ ಹತ್ರ ಇಲ್ಲದ್ದು ಪಹಣಿ ಒಂದೇ. ನನ್ನ ಹೆಂಡತಿ, "ಇರೋದೇ ಇಷ್ಟು ನೆಲ" ಅಂತ ಮುಖ ಊದಿಸ್ಕೊಂಡು ಕೂತಿದ್ಲು. ಭಯ ನ್ಯಾಯವೇ. ಅವರು ವಾಯ್ದೆಗೆ ಬರದೇ ಹೋದರೆ ಬಾಂಡ್‌ನಲ್ಲಿ ಬರೆದ ದುಡ್ಡು ನಾವು ಕಟ್ಟಬೇಕಾಗಬಹುದು. ಮುಚ್ಚಿಡಲ್ಲ. ಆದರೆ ಇಪ್ಪತ್ತು ವರ್ಷದಿಂದ ಕಂಡ ಹುಡುಗಿ, ರಾತ್ರಿ ಎಂಟಕ್ಕೆ ಬಂದು ನಮ್ಮ ಹಸುಗೂ ಹುಲ್ಲು ಹಾಕಿ ಹೋಗೋಳು. ಸಾಕ್ಷಿ ಇದ್ರೆ ಶಿಕ್ಷೆ ಆಗಲಿ. ಅಲ್ಲೀವರೆಗೆ ಮನೇಲಿ ಮಗು ಹತ್ರ ಇರಲಿ.

ಆರರಲ್ಲಿ ಮೂವರಿಗೆ ಶ್ಯೂರಿಟಿ ಸಿಕ್ಕಿದೆ, ಇನ್ನೂ ಮೂವರಿಗೆ ಬೇಕು. ಹೊಸ ಪಹಣಿ, ಆಧಾರ್, ಎರಡು ಫೋಟೋ ತಗೊಂಡು ಗುರುವಾರ ಬೆಳಿಗ್ಗೆ ಹತ್ತಕ್ಕೆ ತಾಲ್ಲೂಕು ಕೋರ್ಟಿನ ಹತ್ರ ಬನ್ನಿ. ಮೊದಲು ವಕೀಲರ ಹತ್ರ ಕೂತು ಎಲ್ಲ ಕೇಳಿ, ಆಮೇಲೆ ಸೈನ್ ಮಾಡಿ. ಪಹಣಿ ಕೊಡೋಕೆ ಆಗದಿದ್ದರೆ ಬಂದು ಕೋರ್ಟ್ ಆವರಣದಲ್ಲಿ ಸುಮ್ನೆ ನಿಂತ್ಕೊಳ್ಳಿ. ಹಸಿರು ಟವೆಲ್ ಹೆಗಲ ಮೇಲಿರಲಿ. ಅದೂ ಆಗದಿದ್ದರೆ ಆ ಮೂರು ಮನೆಗೆ ಹತ್ತು ಸೇರು ರಾಗಿ ಕಳಿಸಿ, ನಾನೇ ತಲುಪಿಸ್ತೀನಿ. ಒಟ್ಲು ವಿಷಯ ಶುಕ್ರವಾರ ಬರೀತೀನಿ.