ಒರೆಸಿಟ್ಟ ಲ್ಯಾಪ್‌ಟಾಪ್

ಮಹಾನವಮಿಯ ದಿನ ಆಯುಧಗಳನ್ನು ಒರೆಸಿ ಕುಂಕುಮ ಹಚ್ಚುವ ಪದ್ಧತಿ ನನಗೆ ಬಲು ಇಷ್ಟ. ವರ್ಷವಿಡೀ ನಮಗಾಗಿ ದುಡಿದದ್ದನ್ನು ಒಂದು ದಿನವಾದರೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತೇವಲ್ಲ. ಕುಡುಗೋಲು, ಹೊಲಿಗೆ ಯಂತ್ರ, ಸ್ಕೂಟರುಗಳ ಸಾಲಿನಲ್ಲಿ ಈಗ ಲ್ಯಾಪ್‌ಟಾಪೂ ಕೂತಿದೆ. ಒರೆಸಿಕೊಳ್ಳುವ ಅಗತ್ಯ ಅದಕ್ಕೂ ಇದೆ. ಹತ್ತು ವರ್ಷ ಓಡಿದ ಲ್ಯಾಪ್‌ಟಾಪನ್ನು ಬಿಚ್ಚಿದರೆ, ಫ್ಯಾನಿನ ಎದುರಿನ ತೆಳು ಲೋಹದ ಪದರಗಳಿಗೆ ಧೂಳು ಕಂಬಳಿಯಂತೆ ಮೆತ್ತಿರುತ್ತದೆ. ಗಾಳಿಯಾಡದೆ ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಹೋಗುತ್ತದೆ, ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ, ಕೊನೆಗೆ ನಿಂತೇಬಿಡುತ್ತದೆ. ‘ಹಳೇದು, ಸ್ಲೋ ಆಗಿದೆ’ ಎಂದು ಮೂಲೆಗೆ ಬಿದ್ದ ಎಷ್ಟೋ ಲ್ಯಾಪ್‌ಟಾಪುಗಳ ಕಾಯಿಲೆ ಬರೀ ಧೂಳು.

ಶಿವಮೊಗ್ಗದಲ್ಲಿರುವ ಅಕ್ಕನ ಮಗಳು ಈ ಕೆಲಸಕ್ಕೆ ಧೈರ್ಯವಾಗಿ ಕೈಹಾಕಿದ್ದಳು. ಲ್ಯಾಪ್‌ಟಾಪ್ ಭಾವ 2012ರಲ್ಲಿ ಕೊಂಡದ್ದು, ಈಗ ಅವಳ ಡಿಗ್ರಿಗೆ ಅದೇ ಆಸರೆ. ವಿಡಿಯೊ ಕಾಲ್ ಬಂತು.

“ಮಾವ, ಎಲ್ಲ ಕ್ಲೀನ್ ಮಾಡಿ ವಾಪಸ್ ಜೋಡಿಸ್ದೆ. ಆನ್ ಆಗ್ತಾನೇ ಇಲ್ಲ.”

“ಗಾಬರಿಯಾಗ್ಬೇಡ ಪುಟ್ಟಿ. ಯಾವುದ್ರಲ್ಲಿ ಒರೆಸ್ದೆ? ನೀರು ಮುಟ್ಟಿಸಿಲ್ಲ ತಾನೆ?”

“ಇಲ್ಲ ಮಾವ, ಐಸೊಪ್ರೊಪೈಲ್ ಆಲ್ಕೋಹಾಲ್.”

ಒಳ್ಳೆಯದಾಯಿತು. ಅದು ಬೇಗ ಆರಿಹೋಗುತ್ತದೆ. ನೀರಾಗಿದ್ದರೆ ಬೋರ್ಡನ್ನು ಮೊದಲು ಚೆನ್ನಾಗಿ ಒಣಗಿಸಬೇಕಿತ್ತು, ಅಲ್ಲಿಯವರೆಗೆ ಕರೆಂಟ್ ಕೊಡುವಂತೆಯೇ ಇರಲಿಲ್ಲ.

ನನ್ನ ಗಟ್ಟಿ ನಂಬಿಕೆ ಒಂದಿದೆ: ಒರೆಸುವ ಮೊದಲು ಓಡುತ್ತಿದ್ದದ್ದು ಒರೆಸಿದ ಮೇಲೆ ನಿಂತರೆ, ಮೊದಲು ಕೈ ಮುಟ್ಟಿದ ಜಾಗವನ್ನೇ ನೋಡಬೇಕು. ‘ಮದರ್‌ಬೋರ್ಡ್ ಹೋಗಿದೆ’ ಎಂಬುದು ಎಲ್ಲ ನೋಡಿ ಮುಗಿದ ಮೇಲೆ ಆಡುವ ಮಾತು. ಮೊದಲೇ ಅದನ್ನು ಕೇಳಿ ಜನ ಒಳ್ಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆನ್ ಆಗದಿರುವುದರಲ್ಲೂ ಬಗೆಗಳಿವೆ. ಬಟನ್ ಒತ್ತಿದರೆ ಲೈಟ್ ಹತ್ತಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಗಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಕೂದಲೆಳೆಯಷ್ಟು ಅಲುಗಿದ್ದರೂ ಸಾಕು, ಲ್ಯಾಪ್‌ಟಾಪ್ ಮುಂದಕ್ಕೆ ಹೋಗದು. ಕೆಲವು ಬೀಪ್ ಎಂದು ಹೇಳುತ್ತವೆ, ಕೆಲವು ಲೈಟ್ ಮಿಟುಕಿಸಿ ಹೇಳುತ್ತವೆ. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಬೇಕು. ಎರಡೂ ಬದಿಯ ಕೊಕ್ಕೆ ಟಕ್ಕೆಂದು ಕಚ್ಚಿಕೊಳ್ಳಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡುವುದು ಜಾಣತನ. ಇನ್ನು, ಆನ್ ಆಗಿ ಸ್ವಲ್ಪ ಹೊತ್ತಿನಲ್ಲೇ ಆಫ್ ಆದರೆ ಫ್ಯಾನಿನ ಪುಟ್ಟ ಪಿನ್ನನ್ನೂ ಹೀಟ್ ಸಿಂಕ್ ಸರಿಯಾಗಿ ಕೂತಿದೆಯೇ ಎಂಬುದನ್ನೂ ನೋಡಬೇಕು. ಅದರ ಸ್ಕ್ರೂಗಳ ಪಕ್ಕ 1, 2, 3 ಎಂದು ಅಂಕಿ ಬರೆದಿದ್ದರೆ ಅದೇ ಕ್ರಮದಲ್ಲಿ ಬಿಗಿಯಬೇಕು, ಇಲ್ಲದಿದ್ದರೆ ಒತ್ತಡ ಒಂದು ಕಡೆಗೇ ಬೀಳುತ್ತದೆ.

ಪುಟ್ಟಿಯದು ಇವೆರಡೂ ಅಲ್ಲ. ಬಟನ್ ಒತ್ತಿದರೆ ಏನೂ ಇಲ್ಲ: ಬೆಳಕಿಲ್ಲ, ಸದ್ದಿಲ್ಲ. ಚಾರ್ಜರ್ ಹಾಕಿದರೆ ಮಾತ್ರ ಪಕ್ಕದ ಕಿತ್ತಳೆ ಲೈಟ್ ಹತ್ತುತ್ತಿತ್ತು. ಬೋರ್ಡಿಗೆ ಕರೆಂಟು ತಲುಪುತ್ತಿದೆ ಎಂದು ಆ ಲೈಟ್ ಹೇಳುತ್ತಿತ್ತು. ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆದು ಅರ್ಧ ನಿಮಿಷ ಬಟನ್ ಒತ್ತಿ ಹಿಡಿಯಲು ಹೇಳಿದೆ; ಒಳಗೆ ಉಳಿದಿರುವ ಚಾರ್ಜ್ ಇಳಿದುಹೋಗಲು. ಎಷ್ಟೋ ಸಲ ಇಷ್ಟಕ್ಕೇ ಜೀವ ಬರುತ್ತದೆ. ಈ ಸಲ ಬರಲಿಲ್ಲ.

“ಕೀಬೋರ್ಡ್ ಮೇಲಿನ ಪ್ಲೇಟು ಎತ್ತಿದ್ದೆಯಾ?”

“ಹೂಂ, ಅದನ್ನ ತೆಗೀದೆ ಫ್ಯಾನ್ ಸಿಗಲ್ಲ ಮಾವ.”

“ಹಾಗಿದ್ರೆ ಅದನ್ನೇ ಇನ್ನೊಂದ್ಸಲ ಎತ್ತು.”

ಪವರ್ ಬಟನ್ ಇರುವುದು ಆ ಪ್ಲೇಟಿನಲ್ಲಿ. ಅಲ್ಲಿಂದ ಬೋರ್ಡಿಗೆ ಇಳಿಯುವುದು ಕಾಗದದಷ್ಟು ತೆಳುವಾದ, ಬೆರಳಿನಷ್ಟೂ ಅಗಲವಿಲ್ಲದ ರಿಬ್ಬನ್ ಕೇಬಲ್. ಅದು ಕೂರುವ ಜಾಗಕ್ಕೆ ಒಂದು ಪುಟ್ಟ ಕಪ್ಪು ಲಾಕ್ ಇರುತ್ತದೆ. ಉಗುರಿನಿಂದ ಅದನ್ನು ಮೇಲೆತ್ತಿ, ಕೇಬಲ್ಲನ್ನು ನೇರವಾಗಿ ಕೊನೆಯವರೆಗೆ ತೂರಿಸಿ, ಮತ್ತೆ ಮಡಚಬೇಕು. ಪುಟ್ಟಿ ಕ್ಯಾಮೆರಾ ಹತ್ತಿರ ತಂದಳು. ಕೇಬಲ್ ಒಂದು ಬದಿಗೆ ಓರೆಯಾಗಿ ಕೂತಿತ್ತು, ಲಾಕ್ ಮೇಲೆದ್ದೇ ಇತ್ತು. ಒಳಗಿನ ಒಂದೊಂದು ಗೆರೆಗೂ ಒಂದೊಂದು ಕೆಲಸ. ಓರೆಯಾದರೆ ಬಟನ್ ಒತ್ತಿದ ಸುದ್ದಿಯೇ ಬೋರ್ಡಿಗೆ ಮುಟ್ಟುವುದಿಲ್ಲ. ಅವಳು ಉಸಿರು ಬಿಗಿಹಿಡಿದು ಅದನ್ನು ನೆಟ್ಟಗೆ ಕೂರಿಸಿ, ಲಾಕ್ ಒತ್ತಿ, ಬ್ಯಾಟರಿ ಹಾಕಿ ಬಟನ್ ಮುಟ್ಟಿದಳು. ಫ್ಯಾನ್ ಸುಯ್ಯೆಂದಿತು. ಪಕ್ಕದಲ್ಲಿದ್ದ ಅಕ್ಕ ಅವಳಿಗಿಂತ ಜೋರಾಗಿ ಕೂಗಿದಳು.

ಬಿಚ್ಚಿ ಜೋಡಿಸುವಂತೆ ಕಟ್ಟಿದ ಲ್ಯಾಪ್‌ಟಾಪ್ ಆದ್ದರಿಂದಲೇ ಇದು ಸಾಧ್ಯವಾಯಿತು. ಈಗ ರ‍್ಯಾಮನ್ನು ಬೋರ್ಡಿಗೇ ಬೆಸೆದು ಮಾರುವ ತೆಳ್ಳನೆಯವು ಬಂದಿವೆ. ನೋಡಲು ಚೆಂದ, ಆದರೆ ಅವುಗಳ ರ‍್ಯಾಮ್ ತೆಗೆದು ಮತ್ತೆ ಹಾಕಿ ನೋಡುವ ದಾರಿ ಮುಚ್ಚಿಹೋಯಿತು. ಥಿಂಕ್‌ಪ್ಯಾಡ್‌ಗಳಿಗೆ ಯಾವ ಸ್ಕ್ರೂ ಎಲ್ಲಿ ಎಂದು ಚಿತ್ರಸಹಿತ ಹೇಳುವ ರಿಪೇರಿ ಕೈಪಿಡಿಗಳು ಯಾರು ಬೇಕಾದರೂ ಓದುವಂತೆ ಸಿಗುತ್ತವೆ. ಎಲ್ಲ ಕಂಪನಿಗಳೂ ಹಾಗೆ ಮಾಡಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ನಾನು ಬಹಳ ಆಸೆಯಿಂದ ಓದಿದ್ದೆ. ಆ ಆಸೆಯನ್ನು ಇನ್ನೂ ಬಿಟ್ಟಿಲ್ಲ.

ಮರುದಿನ ಇನ್ನೊಂದು ದೂರು ಬಂತು. ಯಾವ ವೆಬ್‌ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಎನ್ನುತ್ತಿದೆಯಂತೆ. ತಾರೀಕು ನೋಡು ಎಂದೆ. ವರ್ಷಗಳಷ್ಟು ಹಿಂದಕ್ಕೆ ಹೋಗಿತ್ತು. ಬ್ಯಾಟರಿ, ಚಾರ್ಜರ್ ಎರಡೂ ಇಲ್ಲದಾಗ ಗಡಿಯಾರ ಓಡಿಸುವ 3 ವೋಲ್ಟಿನ ಬಿಲ್ಲೆಯಂಥ ಸೆಲ್ ಮುಗಿದಿತ್ತು. ತಾರೀಕು ತಪ್ಪಿದ್ದರಿಂದ ವೆಬ್‌ಸೈಟುಗಳ ಪ್ರಮಾಣಪತ್ರಗಳೂ ತಾಳೆಯಾಗಿರಲಿಲ್ಲ. ಸದ್ಯಕ್ಕೆ ತಾರೀಕು ತಿದ್ದಿಕೊಂಡು ಪ್ರಾಜೆಕ್ಟ್ ಕಳಿಸಿದ್ದಾಳೆ. ಹೊಸ ಸೆಲ್ಲನ್ನು ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದಿಟ್ಟಿದ್ದೇನೆ. ದೀಪಾವಳಿಗೆ ಹೋದಾಗ ಅದನ್ನು ಹಾಕಿ, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟನ್ನೂ ಇಬ್ಬರೂ ಕೂತು ಬದಲಿಸುವುದು ಎಂದಾಗಿದೆ.