ಮೆಳೆಯ ಮುಳ್ಳು

ಕಾಲೇಜಿನಿಂದ ನೇರವಾಗಿ ಹಳಿಯಾಳದ ಸಂತೆಗೆ ಹೋಗಿ ಮೊರದ ಬೆಲೆ ಕೇಳಿ ಹುಬ್ಬೇರಿಸಿದೆ. ಮಾರುತ್ತಿದ್ದ ಮೇದಾರರ ಮುದುಕಿ ನನ್ನ ಬಗಲಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ನೋಡಿ, "ನಮ್ಮ ಬಿದಿರೆಲ್ಲಾ ನಿಮ್ಮ ಬಗಲಾಗೇ ಐತಲ್ರೀ ಮಾಸ್ತರ್ರ" ಎಂದಳು. ನಗುತ್ತ ಆಡಿದ ಮಾತೇನೋ ನಿಜ. ಮನೆ ಮುಟ್ಟುವವರೆಗೂ ಅದು ನನ್ನ ಬೆನ್ನು ಬಿಡಲಿಲ್ಲ.

ಬಿದಿರಿಗೂ ಕಾಗದಕ್ಕೂ ಋಣಾನುಬಂಧ ಹಳೆಯದು. 1925ರಲ್ಲಿ ಬ್ರಿಟಿಷ್ ಸರ್ಕಾರ ಬಿದಿರು ಕಾಗದದ ಉದ್ಯಮವನ್ನು ರಕ್ಷಿಸಲೆಂದೇ ಕಾಯಿದೆ ಮಾಡಿ, ಪರದೇಶದ ಬರೆಯುವ ಮತ್ತು ಮುದ್ರಿಸುವ ಕಾಗದಕ್ಕೆ ಪೌಂಡಿಗೆ ಒಂದಾಣೆ ಸುಂಕ ಹಾಕಿತು. ಎಳೆಯ ಉದ್ಯಮ, ಏಳು ವರ್ಷದಲ್ಲಿ ನಡೆಯಲು ಕಲಿತೀತೆಂಬುದು ಲೆಕ್ಕ. ಆ ಏಳು ವರ್ಷ 1947ರವರೆಗೂ ಬೆಳೆಯಿತು. ಕಂಕುಳಿನ ಕೂಸನ್ನು ಇಳಿಸುವುದು ಯಾವ ತಾಯಿಗೂ ಸುಲಭವಲ್ಲ.

ದಾಂಡೇಲಿಯಲ್ಲಿ ಕಾಳಿಯ ದಂಡೆಗೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂದದ್ದು ಅನಂತರ, 1950ರ ದಶಕದಲ್ಲಿ. ಆಮದಿನ ಸುಂಕ, ಲೈಸೆನ್ಸುಗಳು ಅದಕ್ಕೆ ಒಂದು ಬೇಲಿ. ಕಾಡಿನ ಬಿದಿರು ತೀರ ಅಗ್ಗದ ದರಕ್ಕೆ ಸಿಕ್ಕಿದ್ದು ಇನ್ನೊಂದು. ಮೊದಲನೆಯದರ ಬೆಲೆಯನ್ನು ಕಾಗದ ಕೊಂಡ ನಾವು ತೆತ್ತೆವು. ಎರಡನೆಯದನ್ನು ತೆತ್ತವಳು ಸಂತೆಯ ಮುದುಕಿ.

1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಈ ಜಿಲ್ಲೆಯ ಬಿದಿರು ಏಕೆ ಕ್ಷೀಣಿಸುತ್ತಿದೆಯೆಂದು ಪರಿಶೀಲಿಸಿದರು. ಹೆಬ್ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಮೆಳೆ ಚೊಕ್ಕಟವಾದರೆ ಬೆಳೆ ಹೆಚ್ಚೀತೆಂದು ಅದನ್ನು ಕಡಿಸಲಾಗುತ್ತಿತ್ತು. ಮುಳ್ಳು ಹೋದ ಮೇಲೆ ಎಳೆಯ ಕಳಲೆ ದನಕ್ಕೂ ಮುಸುವಕ್ಕೂ ಮುಳ್ಳುಹಂದಿಗೂ ಸುಲಭದ ತುತ್ತಾಯಿತು. ಹಳ್ಳಿಯವರಿಗೆ ಇದು ಮೊದಲೇ ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ. ಗಿರಣಿಗೆ ಬೇಲಿ ಕಟ್ಟುವ ಕಾಲದಲ್ಲೇ ಕಳಲೆಯ ಬೇಲಿಯನ್ನು ಕಿತ್ತಂತಾಯಿತು.

ಈಗ ಗಿರಣಿ ರೈತರು ಬೆಳೆದ ನೀಲಗಿರಿ, ಸುಬಾಬುಲ್ ಮರಗಳನ್ನು ನೆಚ್ಚಿದೆ. 2010ರಲ್ಲಿ ಜಾರಿಗೆ ಬಂದ ಆಸಿಯಾನ್ ಒಪ್ಪಂದದಿಂದ ಇಂಡೋನೇಷ್ಯದ ಕಾಗದಕ್ಕೆ ಸುಂಕ ತಪ್ಪಿತು. ಮತ್ತೆ ರಕ್ಷಣೆ ಬೇಕೆಂಬ ಕೂಗೆದ್ದಿದೆ. ಅತ್ತ 2019ರಲ್ಲಿ ಪತ್ರಿಕಾ ಕಾಗದಕ್ಕೆ ನೂರಕ್ಕೆ ಹತ್ತರ ಸುಂಕ ಬಿದ್ದಾಗ ಪತ್ರಿಕೆಗಳು ಗೋಳಾಡಿದ್ದೂ, ಮರುವರ್ಷ ಅದು ಐದಕ್ಕಿಳಿದದ್ದೂ ಓದುಗರಿಗೆ ನೆನಪಿರಬಹುದು. ರಕ್ಷಣೆಯೇ ಬೇಡವೆನ್ನಲು ನನಗೆ ಬಾಯಿ ಬಾರದು. ದಾಂಡೇಲಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಿರಣಿಯ ಸಂಬಳದಿಂದ. ಕಳಲೆಗೂ ಮುಳ್ಳು ಬೇಕಲ್ಲ! ಆದರೆ ಎಷ್ಟು ವರ್ಷ, ಯಾರ ಖರ್ಚಿನಲ್ಲಿ ಎಂಬೆರಡು ಮಾತು ಕಾಯಿದೆಯಲ್ಲಿ ಮೊದಲೇ ಇರಬೇಕು.

ಹೀಗೆಲ್ಲ ಬರೆಯುವ ನಾನೂ ಅಂದು ಹತ್ತು ರೂಪಾಯಿ ಇಳಿಸಿಕೊಂಡೇ ಮೊರ ತಂದೆ.