ಮೂವತ್ತು ಮಾರು ದೂರ

ಆ ಮನೆಯ ಜೋಡುನಳಿಗೆ ಕೋವಿ ಕಾಡು ನೋಡಿ ಐವತ್ತು ವರ್ಷದ ಮೇಲಾಯಿತು. ಪೇಟೆಯನ್ನು ಮಾತ್ರ ಅದು ತಪ್ಪದೆ ನೋಡುತ್ತದೆ. ಲೋಕಸಭೆಗೊಮ್ಮೆ, ವಿಧಾನಸಭೆಗೊಮ್ಮೆ, ಪಂಚಾಯಿತಿಗೊಮ್ಮೆ. ಚುನಾವಣೆ ಬಂತೆಂದರೆ ಲೈಸೆನ್ಸುದಾರರು ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀತಿ ಪಡೆಯಬೇಕು. ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರರಿಗೆ ಇದೂ ಒಂದು ಹಬ್ಬದಷ್ಟೇ ರೂಢಿ. ‘ಪ್ರಜಾಪ್ರಭುತ್ವ ಇರೋದಕ್ಕೆ ನನ್ನ ಕೋವಿಗೂ ಜೀಪಿನ ಸವಾರಿ’ ಎಂದು ಅಜ್ಜಯ್ಯ ಪ್ರತಿ ಸಲವೂ ಹೇಳುತ್ತಾರೆ. ಮನೆಯವರು ಪ್ರತಿ ಸಲವೂ ನಗುತ್ತಾರೆ.

2024ರ ಲೋಕಸಭಾ ಚುನಾವಣೆ ಮುಗಿದ ಮೇಲೆ ಕೋವಿ ವಾಪಸ್ ತರಲು ಜೀಪು ಓಡಿಸಿಕೊಂಡು ಹೋದವನು ಮೊಮ್ಮಗ. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ, ಇಪ್ಪತ್ತೊಂದು ತುಂಬಿತ್ತು. ಕೋವಿಯ ಲೈಸೆನ್ಸು ಕೇಳಲು ಕಾನೂನು ಹೇಳುವ ವಯಸ್ಸೂ ಅದೇ. ಎಪ್ಪತ್ತು ದಾಟಿದವರು ತಮ್ಮ ಕೋವಿಯನ್ನು ವಾರಸುದಾರರಿಗೆ ವರ್ಗಾಯಿಸಬಹುದು ಎಂಬ ನಿಯಮವಿದೆ, ಅಜ್ಜಯ್ಯನಿಗೆ ಎಪ್ಪತ್ತೆಂಟು. ಹುಡುಗನ ತಂದೆ ಅರ್ಜಿ ನಮೂನೆಯನ್ನೂ ತಂದಿಟ್ಟಿದ್ದರು. ಕೋವಿ ಎಂದರೆ ಮನೆತನದ ವಸ್ತು, ಹೆಸರು ಕೈತಪ್ಪಬಾರದು ಎಂಬುದಷ್ಟೇ ಅವರ ಲೆಕ್ಕ. ಹುಡುಗನ ಆಸೆ ಬೇರೆಯೇ ಇತ್ತು.

ಅದು ಹೊರಬಿದ್ದದ್ದು ಮೊಬೈಲಿನಿಂದ. ಒಂದು ಸಂಜೆ ಜಗಲಿಯಲ್ಲಿ ಕೂತು ಅವನು ಅಜ್ಜಯ್ಯನಿಗೆ ವಿಡಿಯೋ ತೋರಿಸಿದ. ಅಮೆರಿಕದ ರಾಕಿ ಪರ್ವತಗಳಲ್ಲಿ ಮ್ಯೂಲ್ ಡೀರ್ ಎಂಬ ಜಿಂಕೆಯ ಬೇಟೆ. ಹೇಸರಗತ್ತೆಯಂಥ ದೊಡ್ಡ ಕಿವಿ ಇರುವುದರಿಂದ ಅದಕ್ಕೆ ಆ ಹೆಸರು. ಮರ ಬೆಳೆಯುವುದೇ ನಿಂತುಹೋಗುವಷ್ಟು ಎತ್ತರದ ಇಳಿಜಾರು. ಅಲ್ಲೊಬ್ಬ ದುರ್ಬೀನು ಹಿಡಿದು ಗಂಟೆಗಟ್ಟಲೆ ಕೂತು, ಆಮೇಲೆ ತೆವಳುತ್ತಾ ಹೋಗಿ ಗುಂಡು ಹಾರಿಸುತ್ತಾನೆ.

‘ಅವನಿಗೆ ಅಪ್ಪಣೆ ಕೊಟ್ಟೋರು ಯಾರು?’ ಅಜ್ಜಯ್ಯ ಕೇಳಿದರು.

ಹುಡುಗ ತಿಳಿದದ್ದನ್ನು ಹೇಳಿದ. ಅಲ್ಲಿ ಪ್ರತಿ ರಾಜ್ಯದ ಇಲಾಖೆ ಜಿಂಕೆಗಳ ಸಂಖ್ಯೆ ಅಂದಾಜು ಮಾಡಿ, ಆ ವರ್ಷ ಎಷ್ಟನ್ನು ಹೊಡೆಯಬಹುದೆಂದು ಗೊತ್ತುಮಾಡುತ್ತದೆ. ಎಷ್ಟೋ ಕಡೆ ಅರ್ಜಿ ಹಾಕಿ, ಚೀಟಿ ಎತ್ತಿ, ಹೆಸರು ಬಂದವನಿಗೆ ಮಾತ್ರ ಅವಕಾಶ. 1937ರ ಒಂದು ಕಾನೂನಿನಂತೆ ಬೇಟೆ ಬಂದೂಕು, ತೋಟಾಗಳ ಮೇಲೆ ಹಾಕುವ ತೆರಿಗೆ ವನ್ಯಜೀವಿಗಳ ರಕ್ಷಣೆಗೇ ಹೋಗುತ್ತದೆ. ‘ಅಲ್ಲಿ ಆಗೋದು ಇಲ್ಲಿ ಯಾಕೆ ಆಗಲ್ಲ ಅಜ್ಜಯ್ಯ? ನೀವೂ ಆಡಿದವರೇ ತಾನೆ?’

ಅಜ್ಜಯ್ಯ ಎಲೆಯಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ‘ಅವರು ಎಣಿಸಿ ಹೊಡೀತಾರೆ ಅಂತಾಯ್ತು. ನಾವು ಹೊಡೆದ್ವಿ ಕಣೋ, ಎಣಿಸಲಿಲ್ಲ. ಎಣಿಸಬೇಕು ಅನ್ನೋ ಬುದ್ಧಿ ಬರೋ ಹೊತ್ತಿಗೆ ಎಣಿಸೋಕೆ ಜಾಸ್ತಿ ಏನೂ ಉಳಿದಿರಲಿಲ್ಲ.’

ಆ ಮಾತಿನಲ್ಲಿ ಇಡೀ ಸೀಮೆಯ ಚರಿತ್ರೆಯೇ ಇತ್ತು. ಸಕಲೇಶಪುರದ ಹಳೆಯ ಹೆಸರು ಮಂಜರಾಬಾದ್. ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಬಿಳಿಯ ಪ್ಲಾಂಟರ್ 1894ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರ ಹೆಸರಿನಲ್ಲಿ ಚಿನ್ನ, ಶಿಕಾರಿ, ಕಾಫಿ ಮೂರೂ ಒಂದೇ ಸಾಲಿನಲ್ಲಿವೆ. ಆ ಕಾಲದ ಮನಸ್ಸಿಗೆ ಮೂರೂ ಮಲೆನಾಡಿನ ಫಸಲೇ. ಊರವರ ಬೇಟೆ ಇದಕ್ಕಿಂತ ಹಳೆಯದು. ಗದ್ದೆ ಕಾಯಲು ಅಟ್ಟಣೆ ಹತ್ತುವುದು, ನೀರಿನ ಜಾಗದಲ್ಲಿ ಮರಸಿಗೆ ಕೂರುವುದು, ಹಬ್ಬ ಮುಗಿದ ಮೇಲೆ ಊರೊಟ್ಟಿನ ಬೇಟೆ ಏಳುವುದು. ಊರೊಟ್ಟಿನ ಬೇಟೆಯಲ್ಲಿ ಒಂದು ಕಡೆಯಿಂದ ಜನ, ನಾಯಿ ಕೂಗುತ್ತಾ ಹಳು ನುಗ್ಗಿ ಬಂದರೆ, ಇನ್ನೊಂದು ಕಡೆ ಕೋವಿಯವರು ಬಿಲ್ಲಿಗೆ ಕೂತಿರುತ್ತಿದ್ದರು. ಬಿದ್ದದ್ದು ಎಲ್ಲರಿಗೂ ಪಾಲು. ಗುಂಡು ಹೊಡೆದವನಿಗೆ ಒಂದು ಪಾಲು ಹೆಚ್ಚು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1991ರ ತಿದ್ದುಪಡಿ ಲೈಸೆನ್ಸು ಪಡೆದು ಬೇಟೆಯಾಡುವ ಬಾಗಿಲನ್ನೂ ಮುಚ್ಚಿತು. ಕಾನೂನು ದಿಲ್ಲಿಯಿಂದ ಘಟ್ಟ ಹತ್ತಲು ಕೆಲವು ವರ್ಷ ಹಿಡಿಯಿತೆನ್ನುವುದನ್ನು ಯಾರೂ ಮುಚ್ಚಿಡುವುದಿಲ್ಲ. ಕಾಡಿನಲ್ಲಿ ಆಗ ಉಳಿದಿದ್ದ ಜಿಂಕೆ, ಕಡವೆಗಳು ಹುಲಿಗೂ ಸೀಳುನಾಯಿಗೂ ಬೇಕಾದ ಅನ್ನ. ಮನುಷ್ಯನ ಪಾಲು ಕೇಳುವಷ್ಟು ಅಲ್ಲಿ ಮಿಕ್ಕಿರಲಿಲ್ಲ. ಕಡವೆಯನ್ನು 2008ರಿಂದ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ.

ಅಜ್ಜಯ್ಯ ಇಷ್ಟೆಲ್ಲ ಉಪನ್ಯಾಸ ಕೊಡಲಿಲ್ಲ. ಒಂದು ಷರತ್ತು ಹಾಕಿದರು. ‘ಮಳೆ ಕಳೀಲಿ. ಕಾರ್ತೀಕದಲ್ಲಿ ರಜಾ ಹಾಕಿ ಬಾ. ಕೋವಿ ಮನೇಲೇ ಇರಲಿ. ಒಂದು ಕಡವೆಗೆ ಗೊತ್ತಾಗದಂಗೆ ಮೂವತ್ತು ಮಾರು ಹತ್ತಿರಕ್ಕೆ ಹೋಗಿ ನಿಂತುಕೋ. ಅಷ್ಟು ಮಾಡಿದ ಮೇಲೆ ಅರ್ಜಿಗೆ ರುಜು ಹಾಕ್ತೀನಿ.’

ಮೂವತ್ತು ಮಾರೆಂದರೆ ಸುಮಾರು 180 ಅಡಿ. ಕ್ರಿಕೆಟ್ ಮೈದಾನದಲ್ಲಿ ಬೌಂಡರಿಯ ಹತ್ತಿರ ನಿಂತಷ್ಟೇ ದೂರ. ಅದೇನು ಮಹಾ ಎಂದುಕೊಂಡ ಹುಡುಗ.

ದೀಪಾವಳಿ ರಜೆಗೆ ಅವನು ಬಂದ. ಅವರ ತೋಟ ಬಿಸಿಲೆ ಕಡೆಯ ಬೆಟ್ಟಗಳ ಸೆರಗಿನಲ್ಲಿದೆ. ತೋಟದ ಬೇಲಿ ಮುಗಿದಲ್ಲಿ ಹುಲ್ಲಿನ ಗುಡ್ಡ, ಗುಡ್ಡದ ಮಡಿಲಲ್ಲಿ ತೊರೆ ಹರಿಯುವ ದಟ್ಟ ಕಾಡು. ಮಂಜು ಸರಿದ ದಿನ 1712 ಮೀಟರ್ ಎತ್ತರದ ಕುಮಾರ ಪರ್ವತ ಕಾಣುತ್ತದೆ. ಬೆಟ್ಟದ ನೆತ್ತಿಯ ಆಚೆ ಬಿದ್ದ ಮಳೆ ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ, ಈಚೆ ಬಿದ್ದದ್ದು ಹೇಮಾವತಿ ಸೇರಿ ಬಂಗಾಳ ಕೊಲ್ಲಿಗೆ. ರಾತ್ರಿಯೆಲ್ಲ ಮೇಯುವ ಕಡವೆಗಳು ಬೆಳಗಿನ ಜಾವ ಹುಲ್ಲಿನಿಂದ ಕಾಡಿಗೆ ಮರಳುವ ದಾರಿ ಬೇಲಿಯಿಂದಲೇ ಕಾಣುವಂತಿತ್ತು. ಕಾಡಿನೊಳಕ್ಕೆ ಕಾಲಿಡಬಾರದು, ಬೇಲಿಗುಂಟ ಮಾತ್ರ ನಡೆಯಬೇಕು ಎಂಬುದು ಎರಡನೆಯ ಷರತ್ತು.

ಮೊದಲ ದಿನ ಹೊರಡಲೇ ಆಗಲಿಲ್ಲ. ಪಕ್ಕದ ತೋಟದಲ್ಲಿ ಆನೆಗಳಿವೆಯೆಂದು ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂತು. 2014ರಲ್ಲಿ ಶುರುವಾದ ಕಾರ್ಯಾಚರಣೆಯಲ್ಲಿ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಆನೆಯ ಕಾಟ ತೀರಲಿಲ್ಲ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಕಾದಾಡಿ ಪ್ರಾಣಬಿಟ್ಟದ್ದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ. ಇಲ್ಲಿ ಬೆಳಗಿನ ನಡಿಗೆಯೆಂದರೆ ಹುಡುಗಾಟವಲ್ಲ.

ಎರಡನೆಯ ದಿನ ಹುಡುಗ ಬೇಲಿ ಮುಟ್ಟುವ ಮೊದಲೇ ಮಂಜಿನೊಳಗಿಂದ ‘ಡಾಂಕ್’ ಎಂಬ ಕೂಗು ಕಹಳೆಯಂತೆ ಮೊಳಗಿತು. ಕಾಲು ಬಡಿದ ಸದ್ದು, ಹಳು ಮುರಿದ ಸದ್ದು, ಆಮೇಲೆ ಮೌನ. ‘ಬೆಳಿಗ್ಗೆ ಸೋಪು ಹಾಕಿ ಮುಖ ತೊಳೆದೆಯಾ?’ ಎಂದರು ಅಜ್ಜಯ್ಯ. ತೊಳೆದಿದ್ದ. ‘ಅದಕ್ಕೆ ನೀನು ಮನೆ ಬಿಟ್ಟಾಗಲೇ ಗೊತ್ತಾಯ್ತು.’

ಮೂರನೆಯ ದಿನ ಸೋಪಿರಲಿಲ್ಲ, ಸದ್ದಿರಲಿಲ್ಲ. ಗುಡ್ಡದ ಕೆಳಗಿನಿಂದ ಮೆಲ್ಲನೆ ಏರಿದ. ಎಪ್ಪತ್ತು ಮಾರು, ಅರವತ್ತು ಮಾರು. ಅಷ್ಟರಲ್ಲಿ ಬಿಸಿಲು ಬಿತ್ತು. ಹುಲ್ಲಿನಲ್ಲಿದ್ದ ಹೆಣ್ಣು ಕಡವೆ ತಟ್ಟನೆ ತಲೆಯೆತ್ತಿ, ಬಾಲ ನಿಮಿರಿಸಿ, ಒಂದೇ ನೆಗೆತಕ್ಕೆ ಮಾಯವಾಯಿತು. ತಪ್ಪೇನೆಂದು ಅವನಿಗೆ ತಿಳಿಯಲಿಲ್ಲ.

ಅಜ್ಜಯ್ಯ ಒಲೆಯಿಂದ ಒಂದು ಚಿಟಿಕೆ ಬೂದಿ ತಂದು ತೋರಿಸಿದರು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ನೀರಿನಂತೆ ಕಣಿವೆಗೆ ಇಳಿಯುತ್ತದೆ. ಆಗ ಕೆಳಗಿನಿಂದ ಹತ್ತಿದರೆ ಮನುಷ್ಯನ ವಾಸನೆ ಅವನ ಹಿಂದೆಯೇ ಇಳಿದುಹೋಗುತ್ತದೆ. ಬಿಸಿಲು ತಾಗಿದೊಡನೆ ಇಳಿಜಾರು ಕಾದು ಗಾಳಿ ಮೇಲಕ್ಕೆ ಏಳುತ್ತದೆ. ಆಗ ಕೆಳಗಿರುವವನ ವಾಸನೆ ನೇರ ಪ್ರಾಣಿಯ ಮೂಗಿಗೆ. ಸೂರ್ಯ ಹುಟ್ಟುವ ಮುಂಚೆ ಕೆಳಗಿನಿಂದ, ಹುಟ್ಟಿದ ಮೇಲೆ ಮೇಲಿನಿಂದ. ‘ನಿನ್ನ ಪುಸ್ತಕದಲ್ಲಿ ಇದಿಲ್ವಾ?’ ಎಂದು ಅವರು ಕೇಳಿದಾಗ ಹುಡುಗನಿಗೆ ನಾಚಿಕೆಯಾಯಿತು. ಬಿಸಿಗಾಳಿ ಹಗುರ, ಅದು ಮೇಲೇಳುತ್ತದೆ ಎಂದು ಬರೆದು ಅವನು ಅಂಕ ಪಡೆದಿದ್ದ. ಅದೇ ಗಾಳಿ ತನ್ನ ಬೆವರನ್ನು ಹೊತ್ತೊಯ್ದು ಚಾಡಿ ಹೇಳೀತೆಂದು ಹೊಳೆದಿರಲಿಲ್ಲ. ರಾಕಿ ಪರ್ವತದ ಬೇಟೆಗಾರನೂ ಇದೇ ಲೆಕ್ಕವನ್ನು ನಂಬಿ ನಡೆಯುವವನು. ಬೆಟ್ಟ ಯಾವುದಾದರೂ ಗಾಳಿಯ ನಡೆ ಒಂದೇ.

ಐದನೆಯ ಬೆಳಗು. ಹುಡುಗ ಕತ್ತಲಲ್ಲೇ ತೋಟದ ಮೇಲಂಚಿಗೆ ಹೋಗಿ ಬೇಲಿಯ ಮೂಲೆಯ ಬಂಡೆಯ ಹಿಂದೆ ಕೂತ. ಬಿಸಿಲು ಬಂದು, ಬೆರಳಿನಿಂದ ಬಿಟ್ಟ ಬೂದಿ ಮೇಲಕ್ಕೆ ಏಳುವವರೆಗೂ ಅಲುಗಲಿಲ್ಲ. ಆಮೇಲೆ ಬೇಲಿಗುಂಟ ಹತ್ತು ಹೆಜ್ಜೆ ಇಳಿದ, ನಿಂತ, ಮತ್ತೆ ಹತ್ತು ಹೆಜ್ಜೆ. ಕೆಳಗೆ ಹುಲ್ಲಿನ ಅಂಚಿನಲ್ಲಿ ಗಂಡು ಕಡವೆಯೊಂದು ನಿಂತಿತ್ತು. ಇನ್ನೂರು ಕೆ.ಜಿ.ಗೆ ಕಡಿಮೆಯಿಲ್ಲದ ಮೈ, ಕೆಸರಲ್ಲಿ ಹೊರಳಿ ಕಪ್ಪಾದ ಕತ್ತು, ಕವಲೊಡೆದ ಕೋಡು. ಪ್ರತಿ ವರ್ಷ ಉದುರಿ, ಮಳೆಗಾಲದಲ್ಲಿ ಮಖಮಲ್ಲಿನಂಥ ಚರ್ಮ ಹೊದ್ದು ಮತ್ತೆ ಬೆಳೆದು, ಈ ಚಳಿಯ ಹೊತ್ತಿಗೆ ಗಟ್ಟಿಯಾದ ಕೋಡು ಅದು. ಮೂಗಿನಿಂದ ಹಬೆ ಬರುತ್ತಿತ್ತು. ಹುಲ್ಲು ಕೀಳುವ ಸದ್ದು ಹುಡುಗನಿಗೆ ಕೇಳಿಸಿತು. ಮೊಬೈಲು ಜೇಬಿನಲ್ಲೇ ಇತ್ತು. ತೆಗೆಯಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.

ಹಿಂದಿರುಗುವಾಗ ತೋಟದ ಕಲ್ಲಿನ ಮೇಲೆ ಕೂತಿದ್ದ ಅಜ್ಜಯ್ಯ ಏನನ್ನೂ ಕೇಳಲಿಲ್ಲ. ಮುಖ ನೋಡಿಯೇ ತಿಳಿದುಕೊಂಡರು. ಆಮೇಲೆ, ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳಿದರು.

1971ರ ಮಾರ್ಗಶಿರ ಮಾಸ. ಅವರಿಗೆ ಇಪ್ಪತ್ತೈದು ವಯಸ್ಸು. ಊರೊಟ್ಟಿನ ಬೇಟೆಯಲ್ಲಿ ಬಿಲ್ಲಿಗೆ ಕೂತಿದ್ದಾಗ ಗಂಡು ಕಡವೆ ಎದುರಿಗೇ ಬಂತು. ಅವಸರದಲ್ಲಿ ಹೊಡೆದ ಈಡು ಹೊಟ್ಟೆಗೆ ತಗಲಿತು. ರಕ್ತದ ಜಾಡು ಬೆಟ್ಟದ ನೆತ್ತಿ ದಾಟಿ ಘಟ್ಟದ ಕೆಳಗೆ ಇಳಿದಿತ್ತು. ಆ ಹೊತ್ತಿಗೆ ಬೇರೆಯವರ ಗುಂಡಿಗೆ ಹಂದಿ ಬಿದ್ದಿತ್ತು. ಪಾಲು ಹಾಕುವ ಗಡಿಬಿಡಿ, ಕತ್ತಲಾಗುತ್ತಿತ್ತು. ಗಾಯಗೊಂಡದ್ದರ ಬೆನ್ನು ಬಿಡಬಾರದೆಂಬುದು ಬೇಟೆಯ ಮೊದಲ ಪಾಠ. ‘ನಾಳೆ ನೋಡುವಾ’ ಎಂದು ಎಲ್ಲರೊಡನೆ ಅವರೂ ಮನೆಗೆ ಬಂದರು.

‘ಮೂರನೇ ದಿನ ಸಿಕ್ತು. ಕಡವೆಗೆ ಸೀಳುನಾಯಿ ಬೆನ್ನು ಬಿದ್ರೆ ನೀರಿಗೆ ಇಳಿದು ನಿಲ್ಲುತ್ತೆ. ಅಲ್ಲಿ ಕಾಪಾಡ್ಕೋಬಹುದು ಅಂತ ಅದಕ್ಕೆ ಗೊತ್ತು. ಇದೂ ಹೊಳೆಗುಂಡಿಯೊಳಗೆ ಕೂತಿತ್ತು. ಜೀವ ಇತ್ತು ಕಣೋ. ಗಾಯಕ್ಕೆಲ್ಲ ಹುಳ. ನನ್ನ ನೋಡಿ ಏಳೋಕೆ ಹೋಯ್ತು, ಆಗಲಿಲ್ಲ. ಇನ್ನೊಂದು ತೋಟಾ ಇತ್ತು. ಮೊದಲನೇದು ಬೇಟೆ. ಎರಡನೇದಕ್ಕೆ ಏನು ಹೆಸರು ಅಂತ ಇವತ್ತಿಗೂ ಗೊತ್ತಿಲ್ಲ.’

ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು. ‘ಕಾನೂನು ಬಂದದ್ದು ಮಾರನೇ ವರ್ಷ. ಕಾನೂನಿಗೆ ಹೆದರಿ ಬಿಟ್ಟೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅಂದ್ಕೊಳ್ಳಲಿ ಅಂತ ಸುಮ್ಮನಿದ್ದೆ.’

ಗಾಳಿ, ಹೆಜ್ಜೆ, ಹಿಕ್ಕೆ, ಜಾಡು ಎಲ್ಲವನ್ನೂ ಕಲಿಸಿದ್ದು ಬೇಟೆಯೇ. ಬೇಟೆ ನಿಂತದ್ದು ಒಳ್ಳೆಯದಾಯಿತು. ಅದರ ಜೊತೆಗೇ ಆ ವಿದ್ಯೆಯೂ ಹೋಗುತ್ತಿತ್ತು. ಮನೆಯ ಹಿಂದಿನ ಗುಡ್ಡದಲ್ಲಿ ಏನಿದೆಯೆಂದು ಮೊಬೈಲಿನ ಸಂದೇಶ ನೋಡಿ ತಿಳಿಯುವ ಮಕ್ಕಳಿಗೆ ಅದನ್ನು ಇನ್ನು ಯಾರು ಕಲಿಸಬೇಕು? ಕೋವಿ ಮನೆಯಲ್ಲಿಟ್ಟು ಕಲಿಸಲು ಸಾಧ್ಯವೆಂದು ಅಜ್ಜಯ್ಯನಿಗೇ ಐವತ್ತು ವರ್ಷ ತಿಳಿದಿರಲಿಲ್ಲವೋ ಏನೋ.

ರಜೆ ಮುಗಿಯುವ ಹಿಂದಿನ ರಾತ್ರಿ ಹುಡುಗ ಹಳೆಯ ಕಾಫಿ ಲೆಕ್ಕದ ಪುಸ್ತಕದ ಖಾಲಿ ಹಾಳೆಗೆ ಗೆರೆ ಎಳೆದು ತಾರೀಖು, ಹೊತ್ತು, ಗಾಳಿಯ ದಿಕ್ಕು ಬರೆದ. ಕೊನೆಯ ಕಾಲಮ್ಮಿನಲ್ಲಿ ‘ಕಡವೆ: ಗಂಡು 1, ಹೆಣ್ಣು 1’ ಎಂದು ಎಣಿಕೆ ತುಂಬಿದ. ತಾನಿಲ್ಲದ ದಿನಗಳಲ್ಲಿ ಬರೆದಿಡಲು ಪುಸ್ತಕವನ್ನು ಅಜ್ಜಯ್ಯನ ಮಂಚದ ಪಕ್ಕ ಇಟ್ಟ.

‘ಅರ್ಜಿ ಏನಾಯ್ತೋ? ಅಜ್ಜಯ್ಯ ರುಜು ಹಾಕಿಟ್ಟಿದ್ದಾರಲ್ಲ’ ಎಂದು ತಂದೆ ಕೇಳಿದರು.

‘ಇರಲಿ ಬಿಡಿ ಅಪ್ಪ. ಮುಂದಿನ ಚುನಾವಣೆಗೆ ಕೋವಿ ಒಪ್ಪಿಸೋಕೆ ನಾನೇ ಜೀಪು ಓಡಿಸ್ತೀನಿ. ವಾಪಸ್ ತರೋ ವಿಚಾರ ಆಮೇಲೆ ನೋಡೋಣ’ ಎಂದ ಹುಡುಗ.

ಒಳಗಿನ ಕೋಣೆಯಿಂದ ಅಜ್ಜಯ್ಯ ಕೆಮ್ಮಿದ್ದು ಕೇಳಿಸಿತು. ಅದು ಕೆಮ್ಮೋ ನಗುವೋ ಗೊತ್ತಾಗಲಿಲ್ಲ.